ನವೆಂಬರಿನ ಖಾಲಿ ಶನಿವಾರ

ಸೇಂಟ್ ಓಮರ್ ಕಾಲೇಜನ್ನು ಫುಟ್‌ಬಾಲ್ ಒಕ್ಕೂಟದಿಂದ ಹೊರಗೆ ಹಾಕಿದ ಸುದ್ದಿ ಬಂದಾಗ ಲೊರೇನ್ ಡೇಗಲ್ ಗಂಡನ ಉಗ್ರಾಣದಲ್ಲಿ ಕೂತು ಬಿತ್ತನೆಯ ಆಲೂಗಡ್ಡೆ ಹೋಳು ಮಾಡುತ್ತಿದ್ದಳು. ಮೇ ತಿಂಗಳು ಶುರುವಾಗಿದ್ದರೂ ಮೇಯ್ನ್ ರಾಜ್ಯದ ಆ ಉತ್ತರದ ತುದಿಯಲ್ಲಿ ಹೊಲದ ಬದುಗಳ ನೆರಳಿನಲ್ಲಿ ಹಿಮ ಇನ್ನೂ ಕರಗಿರಲಿಲ್ಲ. ಗಂಡ ರೆನೋ ಬಾಗಿಲಲ್ಲಿ ನಿಂತು, ಕಾಲೇಜಿನಿಂದ ಫೋನು ಬಂದಿದೆ, ದನಿ ಕೇಳಿದರೆ ಯಾರೋ ಸತ್ತ ಹಾಗಿದೆ ಎಂದ.

ಸತ್ತವರು ಯಾರೂ ಇರಲಿಲ್ಲ. ಎಂಟು ಕಾಲೇಜುಗಳ ಒಕ್ಕೂಟದಲ್ಲಿ ಉಳಿದ ಏಳೂ ಕೈಯೆತ್ತಿ, ಸೇಂಟ್ ಓಮರ್ ಇನ್ನು ಬೇಡ ಎಂದು ತೀರ್ಮಾನಿಸಿದ್ದವು. ಕಾರಣ ಒಂದೇ, ದೂರ. ದಕ್ಷಿಣದ ಊರುಗಳಿಂದ ಬೆಳಿಗ್ಗೆ ಬಸ್ಸು ಹೊರಟರೆ ಕಾಡು, ಕಾಡು ಮುಗಿದರೆ ಆಲೂಗಡ್ಡೆ ಹೊಲ, ಹೊಲ ಮುಗಿದರೆ ನದಿ, ನದಿಯಾಚೆ ಕೆನಡಾ. ನದಿಗೆ ಬೀಳುವ ಮೊದಲು ಬಲಕ್ಕೆ ತಿರುಗಿದರೆ ಸೇಂಟ್ ಓಮರ್. ಈ ಪ್ರಯಾಣ ನಮ್ಮ ಹುಡುಗರ ಸೊಂಟ ಮುರಿಯುತ್ತಿದೆ ಎಂದು ಹ್ಯಾಲ್ಸ್‌ಬರಿ ಕಾಲೇಜಿನ ಕ್ರೀಡಾ ಮುಖ್ಯಸ್ಥ ಹಾಲಿಸ್ ಗ್ರೀವ್ ಸಭೆಯಲ್ಲಿ ಮೊದಲು ಮಾತೆತ್ತಿದನಂತೆ. ಅದೇ ರಸ್ತೆಯಲ್ಲಿ ಸೇಂಟ್ ಓಮರಿನ ಹುಡುಗರು ವರ್ಷವರ್ಷವೂ ಓಡಾಡಿದ್ದರು. ಅವರ ಸೊಂಟದ ಮಾತನ್ನು ಯಾರೂ ಆಡಲಿಲ್ಲ.

ಅಲ್ಲಿ ಫುಟ್‌ಬಾಲ್ ಎಂದರೆ ಕಾಲಲ್ಲಿ ಆಡುವ ಆಟವಲ್ಲ. ತಲೆಗೆ ಶಿರಸ್ತ್ರಾಣ, ಹೆಗಲಿಗೆ ಮೆತ್ತೆ ಕಟ್ಟಿಕೊಂಡು, ಸುಲಿದ ತೆಂಗಿನಕಾಯಿಯಂಥ ಚೆಂಡನ್ನು ಕಂಕುಳಲ್ಲಿ ಅವುಚಿ, ಅಡ್ಡ ಬಂದವರನ್ನು ಗುಮ್ಮಿ ಎದುರಾಳಿಯ ಗೆರೆ ದಾಟುವ ಆಟ. ಸೆಪ್ಟೆಂಬರಿನಿಂದ ನವೆಂಬರಿನ ನಡುವಿನ ಶನಿವಾರಗಳಲ್ಲಿ ಮಾತ್ರ ಆಡುತ್ತಾರೆ. ಆ ಊರಿನವರಿಗೆ ಶನಿವಾರ ಮೈದಾನ, ಭಾನುವಾರ ಚರ್ಚು. ಎರಡನ್ನೂ ತಪ್ಪಿಸಿದವನನ್ನು ಸೋಮವಾರ ಮಾತಾಡಿಸುವವರು ಕಡಿಮೆ.

ಲೊರೇನ್ ಅದೇ ಊರಲ್ಲಿ ಹುಟ್ಟಿ, ಮನೆಯಲ್ಲಿ ಫ್ರೆಂಚ್ ಮಾತಾಡುತ್ತ ಬೆಳೆದವಳು. ಅದೇ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ, ಅಲ್ಲೇ ಕ್ರೀಡಾ ವಿಭಾಗಕ್ಕೆ ಸೇರಿ, ತಂಡಗಳ ಬಸ್ಸು, ಊಟ, ವಸತಿ ನೋಡಿಕೊಳ್ಳುತ್ತ ಎರಡನೆಯ ಸ್ಥಾನಕ್ಕೆ ಬಂದಿದ್ದಳು. ಆ ಬೇಸಿಗೆಯಲ್ಲಿ ಮುಖ್ಯಸ್ಥ ನಿವೃತ್ತನಾದ. ಕಾಲೇಜಿನ ಅಧ್ಯಕ್ಷೆ ಎಡಿತ್ ಫಾರ್ನಮ್ ಆ ಜಾಗದಲ್ಲಿ ಲೊರೇನಳನ್ನೇ ಕೂರಿಸಿ, ನಾವೀಗ ಸ್ವತಂತ್ರ ತಂಡ, ಪಂದ್ಯಗಳನ್ನು ನೀವೇ ಹೊಂದಿಸಬೇಕು ಎಂದಳು.

ಸ್ವತಂತ್ರ ಎಂಬ ಮಾತು ಕೇಳುವುದಕ್ಕೆ ಚೆಂದ. ನಿಮ್ಮ ಜೊತೆ ಆಡಲೇಬೇಕು ಎಂಬ ಹಂಗು ಜಗತ್ತಿನಲ್ಲಿ ಯಾರಿಗೂ ಇಲ್ಲ ಎಂಬುದು ಅದರ ಅರ್ಥ. ಒಕ್ಕೂಟದಲ್ಲಿದ್ದಾಗ ವೇಳಾಪಟ್ಟಿ ತಾನಾಗಿಯೇ ಅಂಚೆಯಲ್ಲಿ ಬರುತ್ತಿತ್ತು. ಈಗ ಒಂದೊಂದು ಶನಿವಾರಕ್ಕೂ ಒಬ್ಬೊಬ್ಬರ ಬಾಗಿಲು ಬಡಿಯಬೇಕು. ಸೆಪ್ಟೆಂಬರಿನಲ್ಲಿ ಎದುರಾಳಿಗಳು ಸಿಗುತ್ತಾರೆ, ಆಗ ಎಲ್ಲರೂ ಹೊರಗಿನವರೊಡನೆ ಆಡುವ ಕಾಲ. ಅಕ್ಟೋಬರ್ ಬಂತೆಂದರೆ ಪ್ರತಿ ಕಾಲೇಜೂ ತನ್ನ ಒಕ್ಕೂಟದ ಒಳಗೆ ಬಾಗಿಲು ಹಾಕಿಕೊಳ್ಳುತ್ತದೆ. ನವೆಂಬರಿನಲ್ಲಂತೂ ಕೂಗಿದರೂ ಓಗೊಡುವವರಿಲ್ಲ.

ಮೊದಲ ವರ್ಷ ಅವಳ ಕೈಗೆ ಸಿಕ್ಕಿದ್ದು ಏಳೇ ಪಂದ್ಯ. ಅವುಗಳಲ್ಲಿ ಗೆದ್ದಿದ್ದು ಒಂದು. ಅಕ್ಟೋಬರಿನ ಕೊನೆಗೇ ಆಟ ಮುಗಿದುಹೋಗಿ, ನವೆಂಬರಿನಲ್ಲಿ ಹುಡುಗರು ಎದುರಾಳಿಯಿಲ್ಲದ ಮೈದಾನದಲ್ಲಿ ತಮ್ಮತಮ್ಮೊಳಗೇ ಗುದ್ದಾಡಿ ಮನೆಗೆ ಹೋದರು.

ಮುಂದಿನ ವಸಂತದಲ್ಲಿ ಚರ್ಚಿನ ಸಭಾಂಗಣದಲ್ಲಿ ಹಳೆಯ ಆಟಗಾರರ ಸಭೆ ಸೇರಿತು. ಅದರ ಹಿರಿಯ ಕ್ಲೋವಿಸ್ ಮಿಶೋ. ಐವತ್ತರ ದಶಕದಲ್ಲಿ ತಂಡದ ನಾಯಕನಾಗಿದ್ದವನು, ಈಗ ಮುಖ್ಯ ಬೀದಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ಅವನ ಕಾಲದಲ್ಲಿ ತಂಡ ಒಂದೂ ಪಂದ್ಯ ಸೋಲದೆ ವರ್ಷ ಮುಗಿಸಿತ್ತು. ಆ ಮೇಲಿನ ಎಲ್ಲ ತಂಡಗಳನ್ನೂ ಅವನು ಅದೇ ಗಜದಿಂದ ಅಳೆಯುತ್ತಿದ್ದ. ಆಡಿದರೆ ಗೆಲ್ಲುವಂತೆ ಆಡಲಿ, ಇಲ್ಲದಿದ್ದರೆ ಗೌರವವಾಗಿ ಮುಚ್ಚಲಿ ಎಂದು ಅವನು ಹೇಳಿದಾಗ ಅರ್ಧ ಸಭೆ ತಲೆಯಾಡಿಸಿತು. ಅಧ್ಯಕ್ಷೆ ಫಾರ್ನಮ್ ಇನ್ನೊಂದು ವರ್ಷ ನೋಡೋಣ ಎಂದಳು. ಆಮೇಲೆ ಲೊರೇನ್ ಎದ್ದಳು.

"ಮುಂದಿನ ಸಲ ಹತ್ತು ಪಂದ್ಯ ಆಡ್ತೀವಿ, ಮೂರು ಗೆಲ್ತೀವಿ. ಅದಕ್ಕಿಂತ ಜಾಸ್ತಿ ನನ್ನ ಕೇಳ್ಬೇಡಿ."

ಸಭೆಯಲ್ಲಿ ಕಿಸಕ್ಕನೆ ನಗು ಎದ್ದಿತು.

"ಲೊರೇನ್, ನೀನೇನು ತಂಡ ಕಟ್ತಿದೀಯೋ, ತಿಥಿ ಊಟಕ್ಕೆ ಎಲೆ ಹಾಕ್ತಿದೀಯೋ?" ಎಂದ ಕ್ಲೋವಿಸ್.

"ಹತ್ತು ಎಲೆ ಹಾಕ್ತಿದೀನಿ ಕ್ಲೋವಿಸ್. ಹೋದ ವರ್ಷ ಏಳೇ ಇತ್ತು," ಎಂದು ಅವಳು ಕೂತಳು.

ಮರುದಿನ ಬೆಳಿಗ್ಗೆ ಕೋಚ್ ಡ್ವೈಟ್ ಸ್ಟೋಕ್ಸ್ ಅವಳ ಕೋಣೆಗೆ ಬಂದು ಕೂರದೆ ನಿಂತ. ಓಹಾಯೋದಿಂದ ಬಂದ ಎತ್ತರದ ಕರಿಯ ಮನುಷ್ಯ, ಮಿತಭಾಷಿ. ಊರಿಗೆ ಬಂದ ಮೊದಲ ಚಳಿಗಾಲದಲ್ಲೇ ಅವನ ಕಾರು ಹಿಮದಲ್ಲಿ ಮೂರು ಸಲ ಹೂತುಹೋಗಿ, ಮೂರು ಸಲವೂ ರೆನೋ ತನ್ನ ಟ್ರ್ಯಾಕ್ಟರಿನಿಂದ ಎಳೆದಿದ್ದ. ಆ ಸಲಿಗೆಯಿಂದಲೇ ಅವನ ಸಿಟ್ಟೂ ನೇರವಾಗಿತ್ತು.

"ಏಳು ಸೋಲ್ತೀವಿ ಅಂತ ಊರಿಗೆಲ್ಲ ಸಾರಿ ಬಂದೆಯಲ್ಲ, ಹುಡುಗರ ಮುಂದೆ ನಾನು ಹೆಂಗೆ ಮುಖ ಎತ್ತಲಿ?"

"ನಾನು ಹೇಳಿದ್ದು ಕುರ್ಚಿ ಮೇಲೆ ಕೂತವರಿಗೆ ಡ್ವೈಟ್. ಹುಡುಗರಿಗೆ ನೀನು ಏನು ಬೇಕಾದ್ರೂ ಹೇಳು, ಹತ್ತಕ್ಕೆ ಹತ್ತೂ ನಮ್ಮದೇ ಅನ್ನು. ಆದ್ರೆ ಕ್ಲೋವಿಸ್ ಮೂರು ಅಂದ್ಕೊಂಡಿದ್ರೆ ನಾಲ್ಕನೇದಕ್ಕೆ ಹಬ್ಬ ಮಾಡ್ತಾನೆ. ಹತ್ತು ಅಂದ್ಕೊಂಡಿದ್ರೆ ಒಂಬತ್ತು ಗೆದ್ರೂ ನಿನ್ನ ಗಂಟುಮೂಟೆ ಕಟ್ಟಿಸ್ತಾನೆ."

ಸ್ಟೋಕ್ಸ್‌ಗೆ ಸಮಾಧಾನವಾಗಲಿಲ್ಲ. ಆಸೆಯನ್ನು ಹೀಗೆ ಅಳತೆ ಮಾಡಿ ಬಡಿಸುವವರ ಜೊತೆ ತನಗೆ ಏಗಲಾಗದು ಎಂದು ಹೇಳಿ ಹೊರಟುಹೋದ. ಬಹಳ ದಿನ ಇಬ್ಬರ ನಡುವೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಲೊರೇನಳಿಗೂ ಒಳಗೊಳಗೇ ಚುಚ್ಚುತ್ತಿತ್ತು. ಆದರೆ ಸುಳ್ಳು ಆಸೆ ಹುಟ್ಟಿಸಿ ಆಮೇಲೆ ತಂಡವನ್ನೇ ಮುಚ್ಚಿಸಿಕೊಳ್ಳುವುದಕ್ಕಿಂತ ಈ ಚುಚ್ಚುವಿಕೆಯೇ ವಾಸಿ ಅನ್ನಿಸಿತ್ತು.

ಹತ್ತು ಪಂದ್ಯ ಎಂದು ಬಾಯಲ್ಲಿ ಹೇಳಿದ್ದಾಯಿತು, ಹುಡುಕಬೇಕಲ್ಲ. ದಾರಿ ಹೊಳೆದದ್ದು ಒಂದು ಸರಳ ಲೆಕ್ಕದಿಂದ. ಒಕ್ಕೂಟದಲ್ಲಿ ತಂಡಗಳು ಸರಿಸಂಖ್ಯೆಯಲ್ಲಿದ್ದರೆ ಪ್ರತಿ ಶನಿವಾರ ಎಲ್ಲರಿಗೂ ಜೋಡಿ ಸಿಗುತ್ತದೆ. ಬೆಸಸಂಖ್ಯೆಯಾದರೆ ಪ್ರತಿ ವಾರ ಒಬ್ಬರು ಸುಮ್ಮನೆ ಕೂರಲೇಬೇಕು. ಹಾಗೆ ಕೂರುವ ತಂಡಗಳನ್ನು ಹುಡುಕಿ ಹುಡುಕಿ ಅವಳು ಫೋನು ಮಾಡಿದಳು. ಪೆನ್ಸಿಲ್ವೇನಿಯಾ, ನ್ಯೂಯಾರ್ಕ್, ಒಂದು ಸಲ ವರ್ಜೀನಿಯಾ. ಎಲ್ಲಿದೆ ನಿಮ್ಮ ಊರು ಎಂದು ಕೇಳಿದವರಿಗೆಲ್ಲ ನಕ್ಷೆಯ ಮೇಲಂಚಿನಿಂದ ಕೆಳಕ್ಕೆ ಬನ್ನಿ, ಕೆಳಗಿನಿಂದ ಮೇಲಕ್ಕೆ ಬಂದರೆ ಬೇಸರವಾಗುತ್ತದೆ ಎನ್ನುತ್ತಿದ್ದಳು. ನಕ್ಕವರಲ್ಲಿ ಕೆಲವರು ಒಪ್ಪಿದರು. ಹೆಚ್ಚಿನವರು ನೀವೇ ಇಲ್ಲಿಗೆ ಬನ್ನಿ ಎಂದರು. ಊರಿನ ಶಾಲೆಗಳಿಗೆ ಆಲೂಗಡ್ಡೆ ಅಗೆಯುವ ರಜೆ ಇರುವ ವಾರಗಳನ್ನು ಅವಳು ಹೊರಗಿನ ಪಂದ್ಯಗಳಿಗೆ ಬಿಟ್ಟುಕೊಟ್ಟಳು. ಆಗ ಮೈದಾನಕ್ಕೆ ಬರಲು ಊರಿನವರ ಕೈ ಖಾಲಿ ಇರುವುದಿಲ್ಲ. ತಮ್ಮನ್ನು ಹೊರಗೆ ಹಾಕಿದ ಒಕ್ಕೂಟದಲ್ಲೂ ಈಗ ಉಳಿದಿರುವುದು ಏಳೇ ತಂಡ ಎಂಬುದು ಅವಳಿಗೆ ಹೊಳೆಯದೆ ಇರಲಿಲ್ಲ. ಆ ಏಳಕ್ಕೂ ಫೋನು ಮಾಡಿದಳು. ಬಿಡುವಿನ ವಾರ ನಮಗೆ ಹಾಯಾಗಿದೆ ಎಂದು ಏಳೂ ನಯವಾಗಿ ಹೇಳಿದವು.

ಸೆಪ್ಟೆಂಬರ್ ಬಂದಾಗ ಅವಳ ಬಳಿ ಒಂಬತ್ತು ಪಂದ್ಯಗಳಿದ್ದವು. ನವೆಂಬರಿನ ಎರಡನೆಯ ಶನಿವಾರ ಖಾಲಿ ಉಳಿದಿತ್ತು.

ಆಟ ಶುರುವಾಯಿತು. ಮೊದಲೆರಡರಲ್ಲಿ ಒಂದು ಗೆಲುವು. ಮೂರನೆಯದು ದಕ್ಷಿಣದ ಒಂದು ದೊಡ್ಡ ವಿಶ್ವವಿದ್ಯಾಲಯದ ಜೊತೆ. ಅಂಥವರು ಸಣ್ಣ ಕಾಲೇಜನ್ನು ದುಡ್ಡು ಕೊಟ್ಟು ಕರೆಸಿಕೊಳ್ಳುತ್ತಾರೆ, ತಮ್ಮ ಜನರ ಮುಂದೆ ಸುಲಭವಾಗಿ ಗೆಲ್ಲುವುದಕ್ಕೆ. ಆ ದುಡ್ಡಿಲ್ಲದೆ ಸೇಂಟ್ ಓಮರಿನ ಬಸ್ಸು ವರ್ಷವಿಡೀ ಓಡುತ್ತಿರಲಿಲ್ಲ, ಆದ್ದರಿಂದ ಲೊರೇನ್ ಒಪ್ಪಿದ್ದಳು. ಹುಡುಗರು ಅಲ್ಲಿ ಒಂದೂ ಪಾಯಿಂಟು ಗಳಿಸಲಿಲ್ಲ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಚೆಂಡು ಎಸೆಯುವ ಮುಖ್ಯ ಆಟಗಾರನ ಹೆಗಲು ಜಾರಿತು, ಇನ್ನೊಬ್ಬನ ಮೊಣಕಾಲು ಹೋಯಿತು. ವಾಪಸು ಬರುವಾಗ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿದ್ದ ಲೊರೇನ್ ಹಿಂತಿರುಗಿ ನೋಡುವ ಧೈರ್ಯ ಮಾಡಲಿಲ್ಲ.

ಆಮೇಲೆ ತಂಡ ನಿಧಾನವಾಗಿ ಚೇತರಿಸಿಕೊಂಡಿತು. ಅಕ್ಟೋಬರ್ ನಡುವಿನ ಹೊತ್ತಿಗೆ ಮೂರು ಗೆಲುವು ಕೂಡಿತ್ತು. ಆ ವಾರವೇ ಇನ್ನೊಂದು ದೊಡ್ಡ ವಿಶ್ವವಿದ್ಯಾಲಯದಿಂದ ಕರೆ ಬಂತು. ನವೆಂಬರಿನ ಎರಡನೆಯ ಶನಿವಾರ ನಮ್ಮ ಎದುರಾಳಿ ಕೈಕೊಟ್ಟಿದ್ದಾರೆ, ನೀವು ಬನ್ನಿ, ವಿಮಾನವನ್ನೇ ಕಳಿಸುತ್ತೇವೆ ಎಂದರು. ಬಯಸಿದ ಶನಿವಾರಕ್ಕೆ ಬಯಸದ ನೆಂಟ. ಒಪ್ಪಿದರೆ ಹತ್ತು ಪಂದ್ಯದ ಮಾತು ಉಳಿಯುತ್ತಿತ್ತು. ಅಧ್ಯಕ್ಷೆ ಫಾರ್ನಮ್ ನಿರ್ಧಾರವನ್ನು ಅವಳಿಗೇ ಬಿಟ್ಟಳು. ಲೊರೇನ್ ಆ ಸಂಜೆ ಅಭ್ಯಾಸ ನೋಡಲು ಮೈದಾನಕ್ಕೆ ಹೋದಳು. ಹೆಗಲಿಗೆ ಪಟ್ಟಿ ಕಟ್ಟಿಕೊಂಡ ಹುಡುಗ ಬದಿಯಲ್ಲಿ ನಿಂತು, ಎಡಗೈಯಲ್ಲಿ ಚೆಂಡು ಎಸೆಯುವುದನ್ನು ತನಗೆ ತಾನೇ ಕಲಿಸಿಕೊಳ್ಳುತ್ತಿದ್ದ. ಅವಳು ಆಫೀಸಿಗೆ ಮರಳಿ, ಬರುವುದಿಲ್ಲ ಎಂದು ಫೋನಿನಲ್ಲಿ ಹೇಳಿಬಿಟ್ಟಳು.

ಸುದ್ದಿ ತಿಳಿದ ಸ್ಟೋಕ್ಸ್ ಬಂದು, ಈ ಸಲ ಕುರ್ಚಿ ಎಳೆದುಕೊಂಡು ಕೂತ.

"ಒಂಬತ್ತಕ್ಕೇ ನಿಲ್ತು ಅಂತಾದ್ರೆ ಕ್ಲೋವಿಸ್ ನಿನ್ನ ಹುರಿದು ತಿಂತಾನೆ," ಎಂದ.

"ತಿನ್ನಲಿ. ಒಂದು ವರ್ಷಕ್ಕೆ ಒಂದು ಸಲ ಹೊಡೆತ ತಿನ್ನಿಸಬಹುದು ಡ್ವೈಟ್. ಎರಡನೇ ಸಲ ತಿನ್ನಿಸಿದ್ರೆ ಅದು ಆಟ ಅಲ್ಲ."

ಅವನು, ರೆನೋ ಈ ವರ್ಷವೂ ನನ್ನ ಕಾರಿಗೆ ಹಿಮದ ಟೈರು ಹಾಕಿಕೊಡುತ್ತಾನಾ ಎಂದು ಕೇಳಿದ. ಇಬ್ಬರ ನಡುವಿನ ಮುನಿಸು ಅಲ್ಲಿಗೆ ಮುಗಿಯಿತು.

ಇದಾಗಿ ಹೆಚ್ಚು ದಿನ ಕಳೆದಿರಲಿಲ್ಲ. ಲೊರೇನ್ ಊಟದ ಡಬ್ಬಿ ಬಿಚ್ಚುವಾಗ ಫೋನು ಹೊಡೆದುಕೊಂಡಿತು.

"ಲೊರೇನ್, ನಾನು ಹಾಲಿಸ್ ಗ್ರೀವ್."

ಹ್ಯಾಲ್ಸ್‌ಬರಿಯ ಗ್ರೀವ್ ಒಂದೂವರೆ ವರ್ಷದ ಮೇಲೆ ಆ ನಂಬರಿಗೆ ಕರೆ ಮಾಡಿದ್ದ. ಅವರ ತಂಡ ಆ ಸಲ ಜೋರಾಗಿತ್ತು, ಒಂದೇ ಸೋಲು. ಆದರೆ ಸೆಪ್ಟೆಂಬರಿನ ಬಿರುಗಾಳಿಗೆ ಮೈದಾನ ಮುಳುಗಿ ಒಂದು ಪಂದ್ಯ ರದ್ದಾಗಿತ್ತು. ದೇಶಮಟ್ಟದ ಮುಂದಿನ ಸುತ್ತಿಗೆ ಆಯ್ಕೆಯಾಗಲು ಒಂದು ಪಂದ್ಯ ಕಡಿಮೆ ಬೀಳುತ್ತಿತ್ತು. ನವೆಂಬರಿನ ಎರಡನೆಯ ಶನಿವಾರ ಅವರ ಬಿಡುವಿನ ವಾರ. ಆ ದಿನ ಖಾಲಿ ಇರುವ ಇನ್ನೊಂದು ತಂಡ ಸುತ್ತಮುತ್ತಲ ರಾಜ್ಯಗಳಲ್ಲೆಲ್ಲ ಇದೊಂದೇ.

"ನಮ್ಮಲ್ಲಿಗೆ ಬಂದುಬಿಡಿ. ಬಸ್ಸಿನ ಖರ್ಚು ನಮ್ಮದು," ಎಂದ ಗ್ರೀವ್.

ಹೂಂ ಎಂದರೆ ಲೊರೇನಳ ಹತ್ತನೆಯ ಪಂದ್ಯ ಕೈಗೆ ಬಂದಂತೆ. ಅವಳು ಡಬ್ಬಿಯ ಮುಚ್ಚಳ ಮತ್ತೆ ಹಾಕಿದಳು.

"ನೀವೇ ಇಲ್ಲಿಗೆ ಬನ್ನಿ ಹಾಲಿಸ್."

"ಅಷ್ಟು ದೂರ ಆಗಲ್ಲ ಅಂತ ತಾನೇ ಲೊರೇನ್ ನಾವು ಆವತ್ತು..."

"ದೂರ ಆವತ್ತಿನಷ್ಟೇ ಇದೆ. ಹೆಚ್ಚಾಗಿಲ್ಲ."

"ನವೆಂಬರಲ್ಲಿ? ಅರವತ್ತು ಜನ ಎಲ್ಲಿ ಮಲಗೋದು? ನಿಮ್ಮೂರಲ್ಲಿ ಇರೋದು ಒಂದು ಮೋಟೆಲು."

"ಅದು ನನ್ನ ತಲೆನೋವು. ಅರ್ಧ ದಾರಿಯಲ್ಲಿ, ಬ್ಯಾಂಗರಿನಲ್ಲಿ, ಇನ್ನೊಬ್ಬ ಡ್ರೈವರ್‌ನ ನಿಲ್ಲಿಸಿರ್ತೀನಿ, ನಿಮ್ಮ ಡ್ರೈವರ್ ಅಲ್ಲಿಂದ ನಿದ್ದೆ ಮಾಡ್ಲಿ. ಹುಡುಗರಿಗೆ ಬಿಸಿ ಊಟ, ಬೆಚ್ಚಗಿನ ಹಾಸಿಗೆ. ನಿಮಗೆ ಪಂದ್ಯ ಬೇಕಾ, ಬೇಡ್ವಾ?"

ಗ್ರೀವ್ ಯೋಚಿಸಿ ಹೇಳುತ್ತೇನೆ ಎಂದು ಇಟ್ಟ. ಲೊರೇನ್ ಅತಿಯಾಗಿ ಎಳೆದು ಹಗ್ಗ ಹರಿಯಿತೇನೋ ಎಂದು ಮಧ್ಯಾಹ್ನವೆಲ್ಲ ಒದ್ದಾಡಿದಳು. ಆಫೀಸು ಮುಚ್ಚುವ ಮೊದಲು ಅವನು ಮತ್ತೆ ಕರೆ ಮಾಡಿ, ಬರುತ್ತೇವೆ ಎಂದ.

ಹಾಸಿಗೆ ಎಂದು ಹೇಳಿದ್ದಳು, ಹಾಸಿಗೆ ಇರಲಿಲ್ಲ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಯ ಅಪ್ಪಣೆ ಕೇಳಿ ಚರ್ಚಿನ ಮುಂದೆ ನಿಂತು, ಅತಿಥಿ ತಂಡದ ಹುಡುಗರನ್ನು ಇಬ್ಬಿಬ್ಬರಂತೆ ಮನೆಯಲ್ಲಿ ಮಲಗಿಸಿಕೊಳ್ಳುವವರು ಯಾರು ಎಂದು ಕೇಳಿದಳು. ಯಾವ ತಂಡ ಎಂದು ಯಾರೋ ಕೇಳಿದರು. ಹ್ಯಾಲ್ಸ್‌ಬರಿ ಎಂದಾಗ ಗುಸುಗುಸು ಎದ್ದಿತು. ನಮ್ಮನ್ನು ಒದ್ದು ಹೊರಗೆ ಹಾಕಿದವರಿಗೆ ಹಾಸಿಗೆ ಬೇರೆ ಹಾಸಬೇಕೇ ಎಂದು ಒಬ್ಬ ಮುದುಕಿ ಫ್ರೆಂಚಿನಲ್ಲಿ ಗೊಣಗಿ, ಆಮೇಲೆ ತಾನೇ ಮೊದಲು ಕೈಯೆತ್ತಿ, ಅಗಲ ಮಂಚ ಇದೆ, ಮೂವರನ್ನು ಕಳಿಸು ಎಂದಳು. ಕ್ಲೋವಿಸ್ ಅಂಗಡಿಯ ಮೇಲಿನ ಎರಡು ಕೋಣೆ ಖಾಲಿ ಮಾಡಿಸಿದ. ಹೊತ್ತು ಇಳಿಯುವುದರೊಳಗೆ ಬೇಕಾದಷ್ಟಕ್ಕಿಂತ ಹೆಚ್ಚು ಮನೆಗಳಾಗಿದ್ದವು.

ಶುಕ್ರವಾರ ಸಂಜೆ ಹ್ಯಾಲ್ಸ್‌ಬರಿಯ ಬಸ್ಸು ಬಂತು. ಶನಿವಾರ ಬೆಳಿಗ್ಗೆ ಹಿಮ ಬೀಳತೊಡಗಿತು. ಊರಿನವರು ಸಲಿಕೆ ಹಿಡಿದು ಬಂದು ಮೈದಾನದ ಗೆರೆಗಳಷ್ಟನ್ನು ಕೆರೆದು ತೆಗೆದರು. ಕೂರುವ ಹಲಗೆಗಳ ಮೇಲೆ ಕಂಬಳಿ ಹಾಸಿ, ಥರ್ಮಾಸು ನಡುವೆ ಇಟ್ಟುಕೊಂಡು ಇಡೀ ಊರು ಕೂತಿತು. ಲೊರೇನ್ ಎಲ್ಲರಿಗೂ ಒಂದೇ ಮಾತು ಹೇಳುತ್ತ ಓಡಾಡಿದಳು, ಇವರು ನಮಗಿಂತ ಮೇಲಿನ ತಂಡ, ಮರ್ಯಾದೆಯಾಗಿ ಆಡಿದರೆ ಸಾಕು ಎಂದು.

ಹ್ಯಾಲ್ಸ್‌ಬರಿಯ ಬಲ ದೂರದ ಎಸೆತದಲ್ಲಿತ್ತು. ಹಿಮದಲ್ಲಿ ಒದ್ದೆಯಾದ ಚೆಂಡು ಕೈಯಿಂದ ಜಾರಿ ಜಾರಿ ಬೀಳುತ್ತಿತ್ತು. ಆದರೂ ಮೊದಲರ್ಧದಲ್ಲಿ ಒಂದು ಸಲ ಗೆರೆ ದಾಟಿ, ಚೆಂಡನ್ನು ಕಂಬಗಳ ನಡುವೆ ಒದ್ದು ಏಳು ಪಾಯಿಂಟು ಮಾಡಿಕೊಂಡರು. ಆಮೇಲೆ ಇಬ್ಬರಿಗೂ ಹೆಜ್ಜೆ ಕೀಳುವುದೇ ಕಷ್ಟವಾಯಿತು. ಕೊನೆಯ ಹೊತ್ತಿನಲ್ಲಿ ಸೇಂಟ್ ಓಮರ್ ಎಸೆಯುವ ಗೊಡವೆಯನ್ನೇ ಬಿಟ್ಟಿತು. ಹೆಗಲು ವಾಸಿಯಾಗುತ್ತಿದ್ದ ಮುಖ್ಯ ಆಟಗಾರ ಚೆಂಡನ್ನು ಗೀ ಲವೆಕ್ ಎಂಬ ಗಿಡ್ಡ ಹುಡುಗನ ಹೊಟ್ಟೆಗೆ ತುರುಕುವುದು, ಅವನು ತಲೆ ತಗ್ಗಿಸಿ ನುಗ್ಗುವುದು, ಮೂರು ಗಜ, ನಾಲ್ಕು ಗಜ, ಮತ್ತೆ ಮೂರು ಗಜ. ಹಾಗೆ ತೆವಳಿಕೊಂಡೇ ಗೆರೆಯವರೆಗೆ ಬಂದು, ಕೊನೆಗೊಮ್ಮೆ ಅವನು ಗೆರೆಯಾಚೆ ಬಿದ್ದ. ಆರು ಪಾಯಿಂಟು.

ಈಗ ಕೋಚಿನ ಮುಂದೆ ಎರಡು ದಾರಿ. ಚೆಂಡನ್ನು ಕಂಬಗಳ ನಡುವೆ ಒದ್ದರೆ ಒಂದು ಪಾಯಿಂಟು, ಪಂದ್ಯ ಸಮ. ಒದೆಯದೆ ಮತ್ತೊಮ್ಮೆ ಗೆರೆ ದಾಟಿ ನುಗ್ಗಿದರೆ ಎರಡು ಪಾಯಿಂಟು, ಗೆಲುವು. ನುಗ್ಗಲಾಗದಿದ್ದರೆ ಸೋಲು. ಲೊರೇನ್ ಬೇಲಿಯ ಪಕ್ಕದಲ್ಲಿ ನಿಂತಿದ್ದಳು. ಒದೆ ಡ್ವೈಟ್, ಒದೆಸು, ಎಂದು ತುಟಿಯಲ್ಲೇ ಅಂದುಕೊಂಡಳು. ಹ್ಯಾಲ್ಸ್‌ಬರಿಯ ಜೊತೆ ಸಮ ಎಂದರೆ ಅವಳಿಗೆ ಸ್ವರ್ಗವೇ ಸಿಕ್ಕಂತೆ. ಸ್ಟೋಕ್ಸ್ ಹುಡುಗರನ್ನು ಸುತ್ತ ಸೇರಿಸಿಕೊಂಡು ಏನೋ ಕೇಳಿದ. ಹುಡುಗರು ಏನೋ ಹೇಳಿದರು. ಒದೆಯುವವನು ಮೈದಾನಕ್ಕೆ ಬರಲಿಲ್ಲ.

ಚೆಂಡು ಮತ್ತೆ ಗೀಯ ಹೊಟ್ಟೆಗೆ ಹೋಯಿತು ಎಂದೇ ಎಲ್ಲರೂ ತಿಳಿದರು. ಹ್ಯಾಲ್ಸ್‌ಬರಿಯವರೂ ಹಾಗೇ ತಿಳಿದು ರಾಶಿಯಾಗಿ ಅವನ ಮೇಲೆ ಬಿದ್ದರು. ಅವನ ಕೈಯಲ್ಲಿ ಚೆಂಡಿರಲಿಲ್ಲ. ಹೆಗಲ ನೋವಿನ ಹುಡುಗ ಅದನ್ನು ತೊಡೆಯ ಹಿಂದೆ ಮರೆಮಾಡಿಕೊಂಡು, ಯಾರೂ ಇಲ್ಲದ ಎಡಬದಿಯಲ್ಲಿ, ಹಿಮದಲ್ಲಿ ಜಾರುತ್ತ ಏಳುತ್ತ, ಹೆಚ್ಚುಕಡಿಮೆ ನಡೆದುಕೊಂಡೇ ಗೆರೆ ದಾಟಿದ.

ಆಗ ಎದ್ದ ಕೂಗು ನದಿಯಾಚೆಯ ಕೆನಡಾದ ಹಳ್ಳಿಗೂ ಕೇಳಿಸಿತೆಂದು ಇವತ್ತಿಗೂ ಹೇಳುತ್ತಾರೆ. ಉಳಿದ ಒಂದೆರಡು ನಿಮಿಷದಲ್ಲಿ ಹ್ಯಾಲ್ಸ್‌ಬರಿಗೆ ಏನೂ ಮಾಡಲಾಗಲಿಲ್ಲ. ಎಂಟು, ಏಳು. ಕ್ಲೋವಿಸ್ ಮಿಶೋ ಬೇಲಿ ಹಾರಲು ಹೋಗಿ ಕೋಟು ಸಿಕ್ಕಿಸಿಕೊಂಡು ನೇತಾಡುತ್ತಿದ್ದ. ಅವನನ್ನು ಬಿಡಿಸಲು ಹೋದ ಲೊರೇನಳನ್ನು ಹಾಗೇ ತಬ್ಬಿಕೊಂಡು ಅಳುತ್ತ ನಗುತ್ತ, ನಿನಗೆ ಲೆಕ್ಕ ಬರಲ್ಲ ಕಣೇ ಹುಡುಗಿ, ನಾಲ್ಕಾಯಿತು ಎಂದ. ಮೈದಾನದ ನಡುವೆ ಸ್ಟೋಕ್ಸ್ ಟೋಪಿ ಕಳೆದುಕೊಂಡು, ತಲೆಯ ಮೇಲೆ ಬೀಳುವ ಹಿಮವನ್ನು ಒರೆಸಿಕೊಳ್ಳದೆ ನಿಂತಿದ್ದ. ತಾನು ಸಾಕು ಎಂದುಕೊಂಡದ್ದನ್ನು ಅವನು ಸಾಕು ಎನ್ನಲಿಲ್ಲವಲ್ಲ ಎಂದು ಅವಳಿಗೆ ಅನ್ನಿಸಿತು. ತಾನು ಮೂರು ಎಂದು ಹೇಳಿ ತಂಡವನ್ನು ಉಳಿಸಿದ್ದೂ ಸರಿ, ಅವನು ನಾಲ್ಕನೆಯದಕ್ಕೆ ಕೈಹಾಕಿದ್ದೂ ಸರಿ.

ಹಿಮ ನಿಲ್ಲಲಿಲ್ಲ, ರಸ್ತೆ ಮುಚ್ಚಿತು. ಸೋತ ತಂಡ ತಾನು ಸೋತ ಊರಲ್ಲೇ ಇನ್ನೊಂದು ರಾತ್ರಿ ಉಳಿಯಬೇಕಾಯಿತು. ಅವರ ಮುಂದಿನ ಸುತ್ತಿನ ಕನಸು ಅಲ್ಲಿಗೆ ಮುಗಿದಿತ್ತು. ಗೆದ್ದ ಊರು ಅವರನ್ನು ಆಡಿಕೊಳ್ಳಲಿಲ್ಲ, ಒಂದೆರಡು ಮಾತು ಬಿಟ್ಟರೆ. ಅಗಲ ಮಂಚದ ಮುದುಕಿಯ ಮನೆಯಲ್ಲಿ ಮೂವರು ಹುಡುಗರು ಅವಳ ಜೊತೆ ಇಸ್ಪೀಟು ಆಡಿ ಅಲ್ಲೂ ಸೋತರಂತೆ.

ಭಾನುವಾರ ಬೆಳಿಗ್ಗೆ ಹಾಲಿಸ್ ಗ್ರೀವ್ ಲೊರೇನಳ ಅಡುಗೆಮನೆಯಲ್ಲಿ ಕೂತಿದ್ದ. ರೆನೋ ಹಂಚಿನ ಮೇಲೆ ಪ್ಲೋಯ್ ಹುಯ್ಯುತ್ತಿದ್ದ, ಒಂದೇ ಮಗ್ಗುಲು ಬೇಯಿಸುವ, ಮೈತುಂಬ ತೂತುಗಳ ಹಳದಿ ದೋಸೆ. ಗ್ರೀವ್ ಬೆಣ್ಣೆ ಸವರಿ ಸುರುಳಿ ಸುತ್ತಿ ತಿನ್ನುತ್ತಿದ್ದ.

"ಮತ್ತೆ ಒಕ್ಕೂಟಕ್ಕೆ ಬರ್ತೀರಾ? ನಾನು ಮಾತಾಡಿ ನೋಡ್ತೀನಿ," ಎಂದ ಕೊನೆಗೆ.

ಲೊರೇನ್ ಅವನ ತಟ್ಟೆಗೆ ಇನ್ನೊಂದು ಹಾಕಿದಳು. ಮೊದಲು ಬರುವ ವರ್ಷ ನಾವು ಅಲ್ಲಿಗೆ, ಅದರಾಚೆ ವರ್ಷ ನೀವು ಇಲ್ಲಿಗೆ ಎಂದು ಬರೆದುಕೊಡಿ, ಒಕ್ಕೂಟದ ಮಾತು ಆಮೇಲೆ ಎಂದಳು. ಅವನು ಅಲ್ಲೇ ಸಹಿ ಹಾಕಿದ.

ಒಕ್ಕೂಟಕ್ಕೆ ಅವರು ಮರಳಲೇ ಇಲ್ಲ, ಕರೆದಾಗಲೂ. ಲೊರೇನ್ ಆ ಕುರ್ಚಿಯಲ್ಲಿದ್ದಷ್ಟು ವರ್ಷವೂ ಸೇಂಟ್ ಓಮರ್ ಸ್ವತಂತ್ರವಾಗಿಯೇ ಆಡಿತು. ಒಂದು ವರ್ಷ ಆರು ಗೆದ್ದದ್ದೇ ಅತಿ ಹೆಚ್ಚು, ಎರಡು ಗೆದ್ದ ವರ್ಷವೂ ಇತ್ತು. ತಂಡ ಮುಚ್ಚಬೇಕೆಂದು ಆಮೇಲೆ ಯಾರೂ ಸಭೆಯಲ್ಲಿ ಎದ್ದು ನಿಲ್ಲಲಿಲ್ಲ. ದಕ್ಷಿಣದ ಕಾಲೇಜುಗಳಲ್ಲಿ ಹುಡುಗರೇ ತಮ್ಮ ಕೋಚುಗಳನ್ನು ಪೀಡಿಸಿ, ಆ ಉತ್ತರದ ಊರಿಗೆ ಒಮ್ಮೆ ಕರೆದುಕೊಂಡು ಹೋಗಿ, ಅಲ್ಲಿ ಮನೆಯಲ್ಲಿ ಇಟ್ಟುಕೊಂಡು ಊಟ ಹಾಕುತ್ತಾರಂತೆ ಎನ್ನತೊಡಗಿದರು. ಕೆಲವು ವರ್ಷಗಳಲ್ಲಿ ಹೇಗಾಯಿತೆಂದರೆ, ನವೆಂಬರಿನಲ್ಲಿ ನಮಗೊಂದು ಶನಿವಾರ ಕೊಡಿ ಎಂದು ಕೇಳುವವರಿಗೆ, ಈ ಸಲ ತುಂಬಿಹೋಗಿದೆ, ಮುಂದಿನ ವರ್ಷ ನೋಡೋಣ ಎಂದು ಲೊರೇನ್ ಫೋನಿನಲ್ಲಿ ನಯವಾಗಿ ಹೇಳಬೇಕಾಗಿ ಬರುತ್ತಿತ್ತು.